ಕಲರ್‌ಗೆ ಯು ಬೇಕೋ ಬೇಡವೋ? ಕಡಿದ ಅರ್ಧ ಅಂಕದ ವಿಚಾರ

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿ. ಹೋದ ತಿಂಗಳ ಕಿರುಪರೀಕ್ಷೆಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು 'ಕಲರ್' ಪದವನ್ನು ಯು ಇಲ್ಲದೆ ಬರೆದಿದ್ದಳು. ಅರ್ಧ ಅಂಕ ಕಡಿದೆ. ಮರುದಿನ ಅವಳು ಅಣ್ಣನ ಮೊಬೈಲ್ ತಂದು, 'ಮಿಸ್, ಇದ್ರಾಗ ಹಿಂಗ ಐತಲ್ರೀ' ಎಂದು ತೋರಿಸಿದಳು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. 'ಆರ್ಗನೈಸ್' ಪದಕ್ಕೆ ಎಸ್ ಸರಿಯೋ ಝಡ್ ಸರಿಯೋ, 'ಜಡ್ಜ್‌ಮೆಂಟ್' ಪದದ ನಡುವೆ ಇ ಬೇಕೋ ಬೇಡವೋ, ಬೂದು ಬಣ್ಣದ 'ಗ್ರೇ'ಗೆ ಎ ಹಾಕಬೇಕೋ ಇ ಹಾಕಬೇಕೋ, ಇವೆಲ್ಲ ನನ್ನ ಹಳೆಯ ಗೊಂದಲಗಳು. ಯಾವುದನ್ನು ತಪ್ಪೆಂದು ತಿದ್ದಬೇಕು, ಯಾವುದನ್ನು ಹಾಗೇ ಬಿಡಬೇಕು?

ಉತ್ತರ: ಮೇಡಂ, ಮೊದಲು ಆ ಹುಡುಗಿಗೆ ಅವಳ ಅರ್ಧ ಅಂಕ ವಾಪಸ್ ಕೊಟ್ಟುಬಿಡಿ. ಅವಳು ಬರೆದದ್ದು ತಪ್ಪಲ್ಲ. ಅಮೆರಿಕದಲ್ಲಿ ಕೋಟ್ಯಂತರ ಜನ ದಿನವೂ ಬರೆಯುವ ರೂಪ ಅದು. ನೀವು ಕಲಿಸಿದ್ದೂ ತಪ್ಪಲ್ಲ. ಭಾರತದಲ್ಲಿ ನಾವು ಬ್ರಿಟಿಷ್ ರೂಢಿಯನ್ನು ಹಿಡಿದು ಬಂದವರು, ಆ ರೂಢಿಯಲ್ಲಿ ಯು ಇದೆ. ಆದರೆ 'ನಮ್ಮಲ್ಲಿ ಹೀಗೆ ಬರೆಯುವುದಿಲ್ಲ' ಎನ್ನುವುದೇ ಬೇರೆ, 'ಇದು ತಪ್ಪು' ಎನ್ನುವುದೇ ಬೇರೆ. ಮೂವತ್ತು ವರ್ಷ ಇಂಗ್ಲಿಷ್ ಪುಸ್ತಕಗಳ ಕರಡು ತಿದ್ದಿದವನು ನಾನು. ಆ ಎರಡು ಮಾತುಗಳ ನಡುವಿನ ಅಂತರವನ್ನು ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ ಎಂಬ ನೋವು ನನಗೆ ಮೊದಲಿನಿಂದಲೂ ಇದೆ. ಅದಕ್ಕೇ ನಿಮಗೆ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಸ್ಪೆಲಿಂಗ್‌ಗಳನ್ನು ನಾವು ತರಗತಿಯಲ್ಲಿ ಬಾಯಿಬಿಟ್ಟು ಹೇಳುವಂತೆ ಅಕ್ಷರಗಳ ಹೆಸರಿನಿಂದಲೇ ಕೊಡುತ್ತೇನೆ.

ನಿಮ್ಮ ಶಾಲೆಯ ಕನ್ನಡ ಮೇಷ್ಟ್ರನ್ನು ನೋಡಿ. 'ಕಥೆ' ಎಂದು ಬರೆದವನಿಗೂ 'ಕತೆ' ಎಂದು ಬರೆದವನಿಗೂ ಅವರು ಅಂಕ ಕೊಡುತ್ತಾರೆ. ಒಂದು ಸಂಸ್ಕೃತದಿಂದ ಇದ್ದ ಹಾಗೇ ಬಂದ ರೂಪ, ಇನ್ನೊಂದು ನಮ್ಮ ನಾಲಿಗೆಗೆ ಒಗ್ಗಿದ ರೂಪ. ಎರಡನ್ನೂ ದೊಡ್ಡ ಲೇಖಕರು ಬಳಸಿದ್ದಾರೆ. ಅದೇ ಮೇಷ್ಟ್ರು, 'ಹಾಲು' ಎನ್ನಬೇಕಾದಲ್ಲಿ 'ಆಲು' ಎಂದು ಬರೆದರೆ ಸುಮ್ಮನಿರುವುದಿಲ್ಲ. 'ಕತೆ' ಪರ್ಯಾಯ ರೂಪ, 'ಆಲು' ತಪ್ಪು. ಇಂಗ್ಲಿಷಿನಲ್ಲೂ ಇದೇ ಲೆಕ್ಕ. ಯು ಇಲ್ಲದ ಕಲರ್ ನಮ್ಮ 'ಕತೆ'ಯ ಸಾಲಿಗೆ ಸೇರಿದ್ದು. 'ಸೆಪರೇಟ್' ಪದದ ನಡುವೆ ಎ ಬದಲು ಇ ಹಾಕಿದರೆ ಅದು 'ಆಲು'ವಿನ ಸಾಲಿಗೆ ಸೇರಿದ್ದು, ಲಂಡನ್ನಿನಲ್ಲೂ ತಪ್ಪು, ನ್ಯೂಯಾರ್ಕಿನಲ್ಲೂ ತಪ್ಪು.

ಹಾಗಾದರೆ ಒಂದೇ ಪದಕ್ಕೆ ಎರಡು ಸ್ಪೆಲಿಂಗ್ ಹೇಗೆ ಹುಟ್ಟಿದವು? ಇಂಗ್ಲಿಷರು ಯು ಸೇರಿಸಿ ಬರೆಯುತ್ತಿದ್ದರು, ಅಮೆರಿಕದವರು ಸೋಮಾರಿತನದಿಂದ ಕೈಬಿಟ್ಟರು ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ನಿಜ ಸಂಗತಿ ಹಾಗಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಈ ಪದದ ಕೊನೆ ಬರೀ ಓ-ಆರ್. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚ್ ಮೂಲಕ ಇಂಥ ಪದಗಳು ಇಂಗ್ಲಿಷಿಗೆ ಹರಿದುಬಂದವು, ಬರುವಾಗ ಯು ಜೊತೆಗೆ ಬಂತು. ಮುಂದೆ ಲ್ಯಾಟಿನ್ ಓದಿದ ಪಂಡಿತರು ಮೂಲ ರೂಪಕ್ಕೆ ಮರಳಲು ನೋಡಿದರು. ಹೀಗೆ ಶತಮಾನಗಟ್ಟಲೆ ಎರಡೂ ರೂಪ ಇಂಗ್ಲೆಂಡಿನ ಒಳಗೇ ಜೊತೆಜೊತೆಗೆ ಓಡಾಡಿದವು. ಶೇಕ್ಸ್‌ಪಿಯರ್ ತೀರಿಕೊಂಡು ಏಳು ವರ್ಷಕ್ಕೆ, 1623ರಲ್ಲಿ, ಅವನ ನಾಟಕಗಳ ದೊಡ್ಡ ಸಂಪುಟ ಅಚ್ಚಾಯಿತಲ್ಲ, ಅದರಲ್ಲಿ 'ಆನರ್' ಪದ ಒಂದು ಕಡೆ ಯು ಹೊತ್ತು ಕಾಣುತ್ತದೆ, ಇನ್ನೊಂದು ಕಡೆ ಯು ಇಲ್ಲದೆ ಕಾಣುತ್ತದೆ. ಅಚ್ಚುಮೊಳೆ ಜೋಡಿಸುವವನಿಗೆ ಸಾಲಿನಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದೂ ಆಗ ಸ್ಪೆಲಿಂಗನ್ನು ತೀರ್ಮಾನಿಸುತ್ತಿತ್ತು.

1755ರಲ್ಲಿ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟನ್ನು ಹೊರತಂದ. ಸುಮಾರು 42,000 ಪದಗಳ ಆ ಕೃತಿ ಬ್ರಿಟನ್ನಿಗೆ ಪ್ರಮಾಣವಾಯಿತು. ಅವನ ಒಲವು ಯು ಕಡೆಗೆ. ಎಷ್ಟರ ಮಟ್ಟಿಗೆ ಎಂದರೆ 'ಎಂಪರರ್', 'ಎರರ್', 'ಟೆರರ್', 'ಹಾರರ್' ಪದಗಳಿಗೂ ಅವನು ಯು ಹಾಕಿದ್ದ. 'ಮ್ಯೂಸಿಕ್', 'ಪಬ್ಲಿಕ್' ಪದಗಳ ಕೊನೆಗೆ ಸಿ ಆದ ಮೇಲೆ ಒಂದು ಕೆ ಕೂಡ ಇಟ್ಟಿದ್ದ. ಇವತ್ತು ಬ್ರಿಟನ್ನಿನಲ್ಲಿ ಯಾರಾದರೂ ಹಾಗೆ ಬರೆಯುತ್ತಾರೆಯೇ? ಆ ಯು, ಆ ಕೆ ಎರಡನ್ನೂ ಬ್ರಿಟಿಷರೇ ಕಾಲಕ್ರಮದಲ್ಲಿ ಬಿಟ್ಟರು. ಕೆಲವು ಪದಗಳಲ್ಲಿ ಬಿಟ್ಟರು, ಕೆಲವು ಪದಗಳಲ್ಲಿ ಉಳಿಸಿಕೊಂಡರು. ಯಾಕೆ 'ಎರರ್' ಯು ಕಳೆದುಕೊಂಡಿತು, 'ಕಲರ್' ಕಳೆದುಕೊಳ್ಳಲಿಲ್ಲ ಎಂದು ಕೇಳಿದರೆ ರೂಢಿ ಎನ್ನುವುದೊಂದೇ ಉತ್ತರ. ಜಾನ್ಸನ್ ಕೂಡ ಒಂದೇ ನಿಯಮಕ್ಕೆ ಕಟ್ಟುಬೀಳಲಿಲ್ಲ. 'ಇಂಟೀರಿಯರ್' ಪದಕ್ಕೆ ಯು ಕೊಟ್ಟ, ಅದರ ಜೋಡಿಯಾದ 'ಎಕ್ಸ್‌ಟೀರಿಯರ್'ಗೆ ಕೊಡಲಿಲ್ಲ.

ಅತ್ತ ಅಮೆರಿಕ ಸ್ವತಂತ್ರವಾಗಿತ್ತು. ಕನೆಕ್ಟಿಕಟ್ಟಿನ ಶಾಲಾ ಮಾಸ್ತರ ನೋಆ ವೆಬ್‌ಸ್ಟರ್‌ಗೆ ಹೊಸ ದೇಶಕ್ಕೆ ತನ್ನದೇ ಭಾಷಾರೂಪ ಬೇಕು ಎಂಬ ಹಂಬಲ. 1783ರಲ್ಲಿ ಮಕ್ಕಳಿಗಾಗಿ ಅವನು ಬರೆದ ನೀಲಿ ರಟ್ಟಿನ ಸ್ಪೆಲಿಂಗ್ ಪುಸ್ತಕ ಮುಂದಿನ ನೂರು ವರ್ಷದಲ್ಲಿ ಕೋಟಿಗಟ್ಟಲೆ ಪ್ರತಿ ಖರ್ಚಾಯಿತು. 1806ರ ತನ್ನ ಚಿಕ್ಕ ನಿಘಂಟಿನಲ್ಲಿ ಅವನು ಯು ಕೈಬಿಟ್ಟ. 1828ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, 70,000 ಪದಗಳ ದೊಡ್ಡ ನಿಘಂಟು ತಂದು ಅದನ್ನು ನೆಲೆಗೊಳಿಸಿದ. 'ಸೆಂಟರ್', 'ಥಿಯೇಟರ್' ಪದಗಳ ಕೊನೆಯ ಆರ್-ಇ ತಿರುಗಿಸಿ ಇ-ಆರ್ ಮಾಡಿದ್ದು, 'ಡಿಫೆನ್ಸ್' ಪದದ ಸಿ ಬದಲು ಎಸ್ ತಂದದ್ದು ಅಮೆರಿಕದಲ್ಲಿ ಬೇರೂರಿದ್ದು ಅವನ ಕಾರಣದಿಂದಲೇ. ಇವುಗಳಲ್ಲಿ ಹೆಚ್ಚಿನವನ್ನು ಅವನು ಶೂನ್ಯದಿಂದ ಹುಟ್ಟಿಸಲಿಲ್ಲ. ಇಂಗ್ಲೆಂಡಿನಲ್ಲೇ ಇದ್ದ ಎರಡು ರೂಪಗಳಲ್ಲಿ ಚಿಕ್ಕದನ್ನೋ ಉಚ್ಚಾರಕ್ಕೆ ಹತ್ತಿರವಾದದ್ದನ್ನೋ ಆರಿಸಿಕೊಂಡ. ಅವನು ತಾನೇ ಹೊಸೆದ ರೂಪಗಳನ್ನು ಅವನ ಜನವೇ ಒಪ್ಪಲಿಲ್ಲ. ನಾಲಿಗೆ ಎಂಬ ಅರ್ಥದ 'ಟಂಗ್' ಪದವನ್ನು ಟಿ-ಯು-ಎನ್-ಜಿ ಎಂದೂ, ಹೆಂಗಸರು ಎಂಬ 'ವಿಮೆನ್' ಪದವನ್ನು ಡಬ್ಲ್ಯೂ-ಐ-ಎಂ-ಎಂ-ಇ-ಎನ್ ಎಂದೂ ಬರೆಯಿರಿ ಎಂದ. ಕೇಳಿದರೆ ಎಷ್ಟು ಸರಳ ಅನ್ನಿಸುತ್ತದೆ! ಆದರೂ ಅವು ನಿಲ್ಲಲಿಲ್ಲ.

ಅಧಿಕಾರದಿಂದ ಬದಲಾಯಿಸಲು ಹೊರಟವರೂ ಸೋತರು. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 300 ಪದಗಳಿಗೆ ಸರಳ ಸ್ಪೆಲಿಂಗ್ ಬಳಸಬೇಕೆಂದು ಸರ್ಕಾರಿ ಮುದ್ರಣಾಲಯಕ್ಕೆ ಆಜ್ಞೆ ಮಾಡಿದರು. ಪತ್ರಿಕೆಗಳು ನಕ್ಕವು, ಸಂಸತ್ತು ಮುನಿಯಿತು, ಅದೇ ವರ್ಷದ ಕೊನೆಯ ಹೊತ್ತಿಗೆ ಆಜ್ಞೆ ಹಿಂದೆ ಹೋಯಿತು. ಫ್ರೆಂಚರಿಗೆ 1635ರಿಂದ ಒಂದು ಅಕಾಡೆಮಿ ಇದೆ, ಭಾಷೆಯ ವಿಷಯದಲ್ಲಿ ಅದು ತೀರ್ಪು ಕೊಡುತ್ತದೆ. ಇಂಗ್ಲಿಷಿಗೆ ಅಂಥದ್ದು ಯಾವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಜನ ಬರೆದದ್ದು, ಅಚ್ಚುಕೂಟಗಳು ಒಪ್ಪಿದ್ದು, ನಿಘಂಟಿನವರು ದಾಖಲಿಸಿದ್ದು, ಅದೇ ಶಾಸನ. ಹೀಗಿರುವಾಗ 'ಇದೊಂದೇ ಸರಿ' ಎಂಬ ಮಾತನ್ನು ನಾವು ತರಗತಿಯಲ್ಲಿ ತುಂಬ ಎಚ್ಚರದಿಂದ ಆಡಬೇಕು.

ಯು ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಯಾಕೆಂದರೆ ನಮ್ಮವರು ನಿಜವಾಗಿ ಎಡವುವುದು ಇಲ್ಲಿ. ಬ್ರಿಟಿಷ್ ರೂಢಿಯಲ್ಲಿ 'ಹ್ಯೂಮರ್' ಪದಕ್ಕೆ ಯು ಇದೆ. ಆದರೆ 'ಹ್ಯೂಮರಸ್' ಎಂದು ಬೆಳೆಸಿದಾಗ ಆ ಯು ಬಿದ್ದುಹೋಗುತ್ತದೆ. 'ಗ್ಲ್ಯಾಮರಸ್', 'ವಿಗರಸ್', 'ಲೆಬೋರಿಯಸ್', 'ಆನರರಿ' ಎಲ್ಲಕ್ಕೂ ಹಾಗೇ. 'ಆನರಬಲ್', 'ಫೇವರಿಟ್', 'ಕಲರ್‌ಫುಲ್' ಪದಗಳಲ್ಲಿ ಮಾತ್ರ ಉಳಿಯುತ್ತದೆ. ಬ್ರಿಟಿಷ್ ಸ್ಪೆಲಿಂಗ್ ಬರೆಯುತ್ತೇನೆಂಬ ಹುರುಪಿನಲ್ಲಿ 'ಹ್ಯೂಮರಸ್' ಪದದ ಆರ್ ಹಿಂದೆ ಯು ಸೇರಿಸಿದವರನ್ನು ನಾನು ಲೆಕ್ಕವಿಲ್ಲದಷ್ಟು ಸಲ ತಿದ್ದಿದ್ದೇನೆ. ಅದು ಎರಡು ದೇಶದಲ್ಲೂ ತಪ್ಪು. ಯು ಇಲ್ಲದ ಕಲರ್‌ಗೆ ಕಡಿಯುವ ಕೆಂಪು ಪೆನ್ನು ನಿಜವಾಗಿ ಬೀಳಬೇಕಾದ ಜಾಗ ಇದು.

ಈಗ 'ಆರ್ಗನೈಸ್'. ಎಸ್ ಬರೆದರೆ ಬ್ರಿಟಿಷ್, ಝಡ್ ಬರೆದರೆ ಅಮೆರಿಕನ್ ಎಂದು ನಾವೆಲ್ಲ ಕಲಿತದ್ದು. ಅರ್ಧ ಸತ್ಯ. ಅಮೆರಿಕದವರು ಝಡ್ ಮಾತ್ರ ಬರೆಯುತ್ತಾರೆ, ಅದು ಸರಿ. ಬ್ರಿಟನ್ನಿನಲ್ಲಿ ಎರಡೂ ಇವೆ. ಈ ಪ್ರತ್ಯಯದ ಮೂಲ ಗ್ರೀಕ್, ಅಲ್ಲಿ ಇರುವುದು ಝಡ್ ಧ್ವನಿ. ಆ ಕಾರಣ ಕೊಟ್ಟು ಆಕ್ಸ್‌ಫರ್ಡಿನ ನಿಘಂಟಿನವರು ಝಡ್ ಪಕ್ಷವನ್ನೇ ಹಿಡಿದಿದ್ದಾರೆ. ಫ್ರೆಂಚಿನಲ್ಲಿ ಎಸ್ ಇರುವುದರಿಂದ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮುದ್ರಣಾಲಯವೂ ಬ್ರಿಟನ್ನಿನ ಬಹುಪಾಲು ಪತ್ರಿಕೆಗಳೂ ಎಸ್ ಹಿಡಿದವು. ಲಂಡನ್ನಿನ ಟೈಮ್ಸ್ ಪತ್ರಿಕೆ 1990ರ ದಶಕದ ಆರಂಭದವರೆಗೂ ಝಡ್ ಬರೆಯುತ್ತಿತ್ತು.

ಇದನ್ನು ಮಕ್ಕಳಿಗೆ ತೋರಿಸಲು ಒಂದು ಒಳ್ಳೆಯ ಉದಾಹರಣೆ ಇದೆ. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಇಂಗ್ಲಿಷ್ ಹೆಸರನ್ನು ಬೋರ್ಡಿನ ಮೇಲೆ ಬರೆಯಿರಿ. 'ಲೇಬರ್' ಪದದಲ್ಲಿ ಬ್ರಿಟಿಷರ ಯು ಇದೆ, ಅದರ ಪಕ್ಕದ 'ಆರ್ಗನೈಸೇಶನ್' ಪದದಲ್ಲಿ ಝಡ್ ಇದೆ. ವಿಶ್ವಸಂಸ್ಥೆಯ ಬರವಣಿಗೆಯೆಲ್ಲ ಇದೇ ಮಾದರಿ, ವಿಶ್ವ ಆರೋಗ್ಯ ಸಂಸ್ಥೆಯದೂ ಅಷ್ಟೇ. ನಮ್ಮ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಇಸ್ರೋ ತನ್ನ ಹೆಸರಿನ ಕೊನೆಯ 'ಆರ್ಗನೈಸೇಶನ್'ಗೆ ಎಸ್ ಬರೆಯುತ್ತದೆ. ಆದ್ದರಿಂದ ವಿದ್ಯಾರ್ಥಿ ಎರಡರಲ್ಲಿ ಯಾವುದನ್ನು ಬರೆದರೂ ಅಂಕ ಕಡಿಯಲು ಕಾರಣವೇ ಇಲ್ಲ.

ಆದರೆ ಎರಡು ಕಡೆ ಕಾವಲು ಬೇಕು. 'ಅಡ್ವರ್ಟೈಸ್', 'ಅಡ್ವೈಸ್', 'ಸರ್‌ಪ್ರೈಸ್', 'ಎಕ್ಸರ್‌ಸೈಸ್', 'ಸೂಪರ್‌ವೈಸ್', 'ಕಾಂಪ್ರಮೈಸ್', 'ರಿವೈಸ್' ಇವು ಆ ಗ್ರೀಕ್ ಪ್ರತ್ಯಯದ ಪದಗಳಲ್ಲ, ಮೂಲದಲ್ಲೇ ಎಸ್ ಇರುವವು. ಇವನ್ನು ಅಮೆರಿಕದಲ್ಲೂ ಎಸ್‌ನಿಂದಲೇ ಬರೆಯುತ್ತಾರೆ. ಇನ್ನು 'ಅನಲೈಸ್' ಬೇರೆಯೇ ಕುಲ. ಬ್ರಿಟನ್ನಿನಲ್ಲಿ ವೈ-ಎಸ್-ಇ, ಅಮೆರಿಕದಲ್ಲಿ ವೈ-ಝಡ್-ಇ. ಝಡ್ ಪಕ್ಷದ ಆಕ್ಸ್‌ಫರ್ಡಿನವರೂ ಇಲ್ಲಿ ಎಸ್ ಬರೆಯುತ್ತಾರೆ.

ಎಲ್ ಅಕ್ಷರದ ಜಗಳ ಚಿಕ್ಕದು. 'ಟ್ರಾವೆಲ್' ಪದಕ್ಕೆ 'ಇಂಗ್' ಸೇರಿಸುವಾಗ ಬ್ರಿಟಿಷರು ಎರಡು ಎಲ್ ಬರೆಯುತ್ತಾರೆ, ಅಮೆರಿಕದವರು ಒಂದು. 'ಫುಲ್‌ಫಿಲ್', 'ಎನ್‌ರೋಲ್‌ಮೆಂಟ್', 'ಇನ್‌ಸ್ಟಾಲ್‌ಮೆಂಟ್' ಪದಗಳಿಗೆ ಬಂದಾಗ ಲೆಕ್ಕ ತಲೆಕೆಳಗಾಗಿ ಬ್ರಿಟಿಷರಲ್ಲಿ ಒಂದು, ಅಮೆರಿಕದಲ್ಲಿ ಎರಡು. ನಮ್ಮ ಆಧಾರ್ ಅರ್ಜಿಯಲ್ಲಿ ಕಾಣುವ 'ಎನ್‌ರೋಲ್‌ಮೆಂಟ್'ಗೆ ಒಂದೇ ಎಲ್. ಸಾಲದ ಇಎಂಐ ಎಂಬುದರ ಕೊನೆಯ 'ಇನ್‌ಸ್ಟಾಲ್‌ಮೆಂಟ್'ಗೂ ರಿಸರ್ವ್ ಬ್ಯಾಂಕ್ ಒಂದೇ ಎಲ್ ಬರೆಯುತ್ತದೆ.

ಕೆಲವು ಜೋಡಿಗಳಲ್ಲಿ ಮಾತ್ರ ಸ್ಪೆಲಿಂಗ್ ಬದಲಾದರೆ ಅರ್ಥವೋ ವ್ಯಾಕರಣವೋ ಬದಲಾಗುತ್ತದೆ. ಬ್ರಿಟಿಷ್ ರೂಢಿ ಹಿಡಿದ ನಾವು ಇಲ್ಲಿ ಬಿಗಿಯಾಗಿರಬೇಕು. 'ಲೈಸೆನ್ಸ್' ನಾಮಪದವಾದರೆ ಕೊನೆಯಲ್ಲಿ ಸಿ-ಇ, ಕ್ರಿಯಾಪದವಾದರೆ ಎಸ್-ಇ. 'ಪ್ರಾಕ್ಟೀಸ್' ಕೂಡ ಹಾಗೆಯೇ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 'ಡ್ರೈವಿಂಗ್ ಲೈಸೆನ್ಸ್' ಎಂದಿರುವ ಕಡೆಯೆಲ್ಲ ಸಿ ಇದೆ. ಕಿವಿಗೆ ಎರಡೂ ಒಂದೇ ಆದ್ದರಿಂದ ಮಕ್ಕಳು ತಬ್ಬಿಬ್ಬಾಗುತ್ತಾರೆ. ಅವರಿಗೆ 'ಅಡ್ವೈಸ್' ಜೋಡಿಯನ್ನು ನೆನಪಿಸಿ. ಅಲ್ಲಿ ಸಿ ಇರುವ ನಾಮಪದಕ್ಕೂ ಎಸ್ ಇರುವ ಕ್ರಿಯಾಪದಕ್ಕೂ ಉಚ್ಚಾರದಲ್ಲೇ ವ್ಯತ್ಯಾಸ ಕೇಳುತ್ತದೆ, ಅದೇ ಸೂತ್ರವನ್ನು ಉಳಿದವಕ್ಕೆ ಹೊಂದಿಸಿಕೊಳ್ಳಬಹುದು. ಅಮೆರಿಕದವರಿಗೆ ಈ ತಾಪತ್ರಯವಿಲ್ಲ, ಲೈಸೆನ್ಸ್‌ಗೆ ಎಲ್ಲ ಕಡೆ ಎಸ್, ಪ್ರಾಕ್ಟೀಸ್‌ಗೆ ಎಲ್ಲ ಕಡೆ ಸಿ.

'ಮೀಟರ್' ಇನ್ನೊಂದು. ಬಟ್ಟೆ ಅಳೆಯುವ ಮೀಟರ್ ನಮ್ಮ ರೂಢಿಯಲ್ಲಿ ಆರ್-ಇ, ಆಟೋದ ಮೀಟರ್, ಕರೆಂಟಿನ ಮೀಟರ್ ಇ-ಆರ್. ಬ್ಯಾಂಕಿನ 'ಚೆಕ್'ಗೆ ಸಿ-ಎಚ್-ಇ-ಕ್ಯೂ-ಯು-ಇ, 1881ರ ನೆಗೋಶಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಇರುವುದೂ ಅದೇ. ಸಿ-ಕೆಯಿಂದ ಮುಗಿಯುವ ಚೆಕ್ ನಮಗೆ ಪರಿಶೀಲನೆ.

'ಜಡ್ಜ್‌ಮೆಂಟ್' ಬಗ್ಗೆ ಕೇಳಿದ್ದೀರಿ. ಸಾಮಾನ್ಯ ಬರಹದಲ್ಲಿ ಬ್ರಿಟಿಷರು ಜಿ ಆದ ಮೇಲೆ ಇ ಬರೆಯುವುದು ಹೆಚ್ಚು, ಅಮೆರಿಕದವರು ಬಿಡುವುದು ಹೆಚ್ಚು. ಆದರೆ ನ್ಯಾಯಾಲಯದ ತೀರ್ಪು ಎಂಬ ಅರ್ಥದಲ್ಲಿ ಬ್ರಿಟನ್ನಿನಲ್ಲೂ ಇ ಇಲ್ಲ, ನಮ್ಮಲ್ಲೂ ಇಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಈ ಪದದ ವ್ಯಾಖ್ಯೆಯೇ ಇದೆ, ಅಲ್ಲಿ ಇ ಇಲ್ಲ. ಮಕ್ಕಳು ಹೇಗೆ ಬರೆದರೂ ಬಿಡಿ. ಅವರಲ್ಲಿ ಯಾರಾದರೂ ನಾಳೆ ವಕೀಲರಾದರೆ ಇ ಬಿಡುವುದನ್ನು ತಾವೇ ಕಲಿಯುತ್ತಾರೆ.

ಹೆಸರುಗಳ ವಿಷಯ ಬಂದಾಗ ರೂಢಿ ಗೀಢಿ ಏನೂ ನಡೆಯುವುದಿಲ್ಲ. ಇದನ್ನು ನಾನು ಕಲಿತದ್ದು ಸುಲಭವಾಗಿ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೆಲ್ಬರ್ನ್‌ನಲ್ಲಿ ನೆಲೆಸಿದ್ದ ಕನ್ನಡಿಗರೊಬ್ಬರ ಇಂಗ್ಲಿಷ್ ಪುಸ್ತಕದ ಕರಡು ನನ್ನ ಮೇಜಿಗೆ ಬಂತು. ಆಸ್ಟ್ರೇಲಿಯದ ಲೇಬರ್ ಪಕ್ಷದ ಹೆಸರು ಇಪ್ಪತ್ತಕ್ಕೂ ಹೆಚ್ಚು ಕಡೆ ಇತ್ತು, ಎಲ್ಲೂ ಯು ಇರಲಿಲ್ಲ. ಆಸ್ಟ್ರೇಲಿಯದವರು ಬ್ರಿಟಿಷ್ ರೂಢಿಯವರಲ್ಲವೇ ಎಂದುಕೊಂಡು ಒಂದೊಂದಕ್ಕೂ ಯು ಸೇರಿಸಿದೆ. ಪುಸ್ತಕ ಅಚ್ಚಾಯಿತು. ಲೇಖಕರು ಫೋನ್ ಮಾಡಿ, ಕೋಪವಿಲ್ಲದ ದನಿಯಲ್ಲೇ, ಆ ಪಕ್ಷ 1912ರಿಂದ ಯು ಇಲ್ಲದ ರೂಪವನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿದೆ, ದೇಶದ ಉಳಿದ ಬರಹದಲ್ಲಿ ಯು ಇದ್ದರೂ ಹೆಸರಿನಲ್ಲಿ ಇಲ್ಲ ಎಂದು ತಿಳಿಸಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗೊತ್ತಿಲ್ಲದ್ದನ್ನು ನೋಡಿ ತಿಳಿಯುವ ಬದಲು, ಗೊತ್ತಿರುವುದನ್ನು ಅದರ ಮೇಲೆ ಹೇರಿದ್ದೆ. ಅಂದಿನಿಂದ ಹೆಸರು ಕಂಡ ಕಡೆ ಪೆನ್ನು ತಡೆದು ನಿಲ್ಲುತ್ತದೆ. ಅಮೆರಿಕದ ಪರ್ಲ್ ಹಾರ್ಬರ್‌ಗೆ ಬ್ರಿಟಿಷ್ ಪುಸ್ತಕದಲ್ಲೂ ಯು ಸೇರಿಸುವಂತಿಲ್ಲ. ನಾಸಾದ 'ಎಂಡೆವರ್' ಬಾಹ್ಯಾಕಾಶ ನೌಕೆಯ ಯು ಅಮೆರಿಕದ ಪುಸ್ತಕದಲ್ಲೂ ತೆಗೆಯುವಂತಿಲ್ಲ, ಅದು ಬ್ರಿಟಿಷ್ ನಾವಿಕ ಜೇಮ್ಸ್ ಕುಕ್‌ನ ಹಡಗಿನ ಹೆಸರು. 2007ರಲ್ಲಿ ನಾಸಾದವರೇ ಉಡಾವಣಾ ಕಟ್ಟೆಯ ಬಳಿ ಯು ಇಲ್ಲದೆ ಫಲಕ ಕಟ್ಟಿ, ಆಮೇಲೆ ಬದಲಾಯಿಸಿದರು.

ನಿಮ್ಮ ಪಕ್ಕದ ಹುಬ್ಬಳ್ಳಿಯನ್ನೇ ತೆಗೆದುಕೊಳ್ಳಿ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾದಾಗ, ಒಂದೇ ಬಿ, ಒಂದೇ ಎಲ್ ಇದ್ದ ಹಳೆಯ ರೂಪ ಹೋಗಿ ಎರಡು ಬಿ, ಎರಡು ಎಲ್ ಬಂದವು. ಬೆಂಗಳೂರು, ಮೈಸೂರು, ಬೆಳಗಾವಿ ಎಲ್ಲಕ್ಕೂ ಹೊಸ ಸ್ಪೆಲಿಂಗ್ ಬಂತು. ಆದರೆ ಬೆಂಗಳೂರು ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯಗಳ ಇಂಗ್ಲಿಷ್ ಹೆಸರು ಹಳೆಯ ರೂಪದಲ್ಲೇ ಉಳಿದವು. ಊರಿನ ಬಗ್ಗೆ ಬರೆಯುವಾಗ ಹೊಸದು, ಸಂಸ್ಥೆಯ ಬಗ್ಗೆ ಬರೆಯುವಾಗ ಅದು ತಾನೇ ಬರೆದುಕೊಳ್ಳುವ ಹಾಗೆ.

ಹುಡುಗಿಯ ಅಣ್ಣನ ಮೊಬೈಲಿಗೆ ಬರೋಣ. ಅದರಲ್ಲಿ ಕಂಡದ್ದು ಅಮೆರಿಕದ ರೂಪ, ಯಾಕೆಂದರೆ ಅನೇಕ ಸಾಧನಗಳಲ್ಲಿ ಭಾಷೆಯ ಆಯ್ಕೆ ಮೊದಲಿಗೆ ಅಮೆರಿಕದ ಇಂಗ್ಲಿಷಿಗೆ ಇಟ್ಟಿರುತ್ತದೆ. ಸೆಟ್ಟಿಂಗಿಗೆ ಹೋಗಿ ಭಾರತದ ಇಂಗ್ಲಿಷನ್ನೋ ಬ್ರಿಟನ್ನಿನದನ್ನೋ ಆರಿಸಿಕೊಂಡರೆ ಅದೇ ಸಾಧನ ಯು ಇರುವ ರೂಪವನ್ನು ಒಪ್ಪಿಕೊಳ್ಳುತ್ತದೆ. ಶಾಲೆಯ ಕಂಪ್ಯೂಟರಿನಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವಾಗ ಸರಿಯಾದ ಪದದ ಕೆಳಗೂ ಕೆಂಪು ಗೆರೆ ಬಂದರೆ ಮೊದಲು ಇದನ್ನು ನೋಡಿ. ನಿಮ್ಮ ಹುಡುಗಿ ಮುಂದೆ ವೆಬ್‌ಸೈಟ್ ಮಾಡುವುದನ್ನು ಕಲಿತರೆ ಅಲ್ಲಂತೂ ಯು ಹಾಕುವ ಹಾಗೇ ಇಲ್ಲ. ಪುಟಗಳ ಬಣ್ಣ ಹೇಳುವ ಸಿಎಸ್ಎಸ್ ಎಂಬ ಭಾಷೆಗೆ ಯು ಇಲ್ಲದ ಕಲರ್ ಮಾತ್ರ ಅರ್ಥವಾಗುತ್ತದೆ, 'ಸೆಂಟರ್' ಕೂಡ ಇ-ಆರ್ ಮಾತ್ರ. ಅಲ್ಲಿ ಇನ್ನೊಂದು ಸೋಜಿಗವಿದೆ. ನೀವು ಯಾವ ಪುಟದಿಂದ ಬಂದಿರಿ ಎಂದು ಬ್ರೌಸರ್ ಹೇಳುವ ಸಾಲಿಗೆ 'ರೆಫರರ್' ಎಂದು ಹೆಸರು. ಅದನ್ನು ಬರೆದವರು ಒಂದು ಆರ್ ಬಿಟ್ಟುಬಿಟ್ಟರು, 1996ರ ನಿಯಮಪತ್ರದಲ್ಲಿ ಹಾಗೇ ಅಚ್ಚಾಯಿತು, ಇಡೀ ಜಗತ್ತಿನ ಯಂತ್ರಗಳು ಅದನ್ನೇ ಓದಲು ಕಲಿತವು. ಅದು ಶುದ್ಧ ತಪ್ಪು, ಆದರೂ ಇವತ್ತು ಆ ಜಾಗದಲ್ಲಿ ಸರಿಯಾಗಿ ಬರೆದರೆ ಕೆಲಸ ನಡೆಯುವುದಿಲ್ಲ.

ಇಷ್ಟು ಹೇಳಿದೆನೆಂದು ಎಲ್ಲವನ್ನೂ ಬಿಟ್ಟುಬಿಡಿ ಎನ್ನುತ್ತಿಲ್ಲ. ಕೆಂಪು ಪೆನ್ನಿಗೆ ಮಾಡಲು ಬೇಕಾದಷ್ಟು ಕೆಲಸ ಇದೆ. ಕನ್ನಡದ ಮಕ್ಕಳು ಎಡವುವುದು ಮುಖ್ಯವಾಗಿ ಎರಡು ಕಡೆ, ಎರಡಕ್ಕೂ ಕಾರಣ ನಮ್ಮ ಭಾಷೆಯ ಒಳ್ಳೆಯ ಗುಣವೇ.

ನಾವು ಆಡಿದಂತೆ ಬರೆಯುವವರು. ಸ್ವರ ಕೇಳಿದರೆ ಅಕ್ಷರ ಗೊತ್ತು. ಇಂಗ್ಲಿಷಿನಲ್ಲಿ ಒತ್ತಿ ಹೇಳದ ಸ್ವರಗಳೆಲ್ಲ ಸವೆದು ಒಂದೇ ಮಬ್ಬು ದನಿಯಾಗುತ್ತವೆ, ಆ ದನಿಯ ಹಿಂದೆ ಎ ಇದೆಯೋ ಇ ಇದೆಯೋ ಐ ಇದೆಯೋ ಕಿವಿಗೆ ತಿಳಿಯುವುದಿಲ್ಲ. ಆದ್ದರಿಂದಲೇ ಮಕ್ಕಳು 'ಗ್ರಾಮರ್' ಕೊನೆಗೆ ಇ-ಆರ್, 'ಕ್ಯಾಲೆಂಡರ್' ಕೊನೆಗೆ ಇ-ಆರ್, 'ಡೆಫಿನಿಟ್' ನಡುವೆ ಎ, 'ಸೆಪರೇಟ್' ನಡುವೆ ಇ ಎಂದು ತಪ್ಪಾಗಿ ಬರೆಯುತ್ತಾರೆ. ಇದಕ್ಕೆ ಬಾಯಿಪಾಠಕ್ಕಿಂತ ಒಳ್ಳೆಯ ಉಪಾಯವೆಂದರೆ ಆ ಪದದ ನೆಂಟರನ್ನು ಹುಡುಕುವುದು. 'ಗ್ರಮ್ಯಾಟಿಕಲ್' ಎಂದಾಗ ಎ ಸ್ಪಷ್ಟವಾಗಿ ಕೇಳುತ್ತದೆ, ಹಾಗಾಗಿ 'ಗ್ರಾಮರ್'ನಲ್ಲೂ ಎ. 'ಡೆಫಿನಿಟ್' ಒಳಗೆ 'ಫೈನೈಟ್' ಕೂತಿದೆ, ಹಾಗಾಗಿ ಐ. 'ಸೆಕ್ರೆಟರಿ' ಒಳಗೆ 'ಸೀಕ್ರೆಟ್' ಇದೆ, 'ಗವರ್ನಮೆಂಟ್' ಒಳಗೆ 'ಗವರ್ನ್' ಇದೆ, ಅದರ ಎನ್ ಮರೆಯಬಾರದು. 'ಪ್ರೊನೌನ್ಸ್' ಮಾತ್ರ ಇದಕ್ಕೆ ಹೊರತು, 'ಪ್ರನನ್ಸಿಯೇಶನ್' ಆದಾಗ ನಡುವಿನ ಓ ಹೊರಟುಹೋಗುತ್ತದೆ. ಇದನ್ನು ಶಿಕ್ಷಕರೇ ತಪ್ಪು ಬರೆಯುವುದನ್ನು ನೋಡಿದ್ದೇನೆ.

ಎರಡನೆಯದು ಒತ್ತಕ್ಷರ. ನಮಗೆ 'ಕತೆ' ಬೇರೆ, 'ಕತ್ತೆ' ಬೇರೆ. ಒತ್ತು ಇದ್ದರೆ ಬಾಯಲ್ಲಿ ಹೇಳುತ್ತೇವೆ, ಕಿವಿಯಲ್ಲಿ ಕೇಳುತ್ತೇವೆ. ಹುಬ್ಬಳ್ಳಿಯ ಎರಡು ಬಿ, ಎರಡು ಎಲ್ ಎರಡೂ ಕೇಳುತ್ತವಲ್ಲ, ಹಾಗೆ. ಇಂಗ್ಲಿಷಿನ ಜೋಡಿ ಅಕ್ಷರ ಕಿವಿಗೆ ಒತ್ತಾಗಿ ಕೇಳುವುದೇ ಇಲ್ಲ. ಎಷ್ಟೋ ಪದಗಳಲ್ಲಿ ಅದರ ಕೆಲಸ ಹಿಂದಿನ ಸ್ವರ ಹ್ರಸ್ವ ಎಂದು ತಿಳಿಸುವುದು. ಆಸೆಪಡುವ 'ಹೋಪಿಂಗ್'ಗೆ ಒಂದು ಪಿ, ಕುಪ್ಪಳಿಸುವ 'ಹಾಪಿಂಗ್'ಗೆ ಎರಡು ಪಿ. 'ಡೈನಿಂಗ್'ಗೆ ಒಂದು ಎನ್, 'ಡಿನ್ನರ್'ಗೆ ಎರಡು. ಇದನ್ನು ಒಮ್ಮೆ ಬೋರ್ಡಿನ ಮೇಲೆ ತೋರಿಸಿದರೆ ಮಕ್ಕಳ ಮುಖ ಅರಳುತ್ತದೆ. ಜೊತೆಗೆ ಇನ್ನೊಂದು: ಕೊನೆಯ ಸ್ವರಭಾಗಕ್ಕೆ ಒತ್ತು ಕೊಟ್ಟು ಹೇಳುವ 'ಬಿಗಿನ್', 'ಅಕರ್', 'ಕಂಟ್ರೋಲ್' ಪದಗಳಿಗೆ 'ಇಂಗ್' ಸೇರಿಸುವಾಗ ಕೊನೆಯ ವ್ಯಂಜನ ಜೋಡಿಯಾಗುತ್ತದೆ. ಮೊದಲ ಭಾಗಕ್ಕೆ ಒತ್ತು ಬೀಳುವ 'ಓಪನ್', 'ವಿಸಿಟ್' ಪದಗಳಲ್ಲಿ ಆಗುವುದಿಲ್ಲ. ಎರಡು ದೇಶಕ್ಕೂ ಇದೇ ನಿಯಮ. ಮೇಲೆ ಹೇಳಿದ 'ಟ್ರಾವೆಲಿಂಗ್'ನ ಎರಡು ಎಲ್ ಬ್ರಿಟಿಷರು ಈ ನಿಯಮಕ್ಕೆ ಮಾಡಿಕೊಂಡ ವಿನಾಯಿತಿ ಅಷ್ಟೇ. 'ಅಕಾಮಡೇಟ್' ಮಾತ್ರ ಯಾವ ನಿಯಮಕ್ಕೂ ಸಿಗುವುದಿಲ್ಲ. ಎರಡು ಸಿ, ಎರಡು ಎಂ, ಉಕ್ತಲೇಖನದಲ್ಲಿ ಹತ್ತು ಸಲ ಬರೆಸಿ.

ನಿಮ್ಮ ತರಗತಿಗೆ ನಾನು ಹೇಳುವುದು ಇಷ್ಟು. ಪಠ್ಯಪುಸ್ತಕದ ಬ್ರಿಟಿಷ್ ರೂಪವನ್ನೇ ಕಲಿಸಿ, ಬೋರ್ಡಿನ ಮೇಲೆ ಅದನ್ನೇ ಬರೆಯಿರಿ. ಮಗು ಅಮೆರಿಕದ ರೂಪ ಬರೆದರೆ ಪೂರ್ತಿ ಅಂಕ ಕೊಟ್ಟು, ಪಕ್ಕದಲ್ಲಿ ಪೆನ್ಸಿಲಿನಿಂದ ನಮ್ಮ ರೂಪವನ್ನೂ ಬರೆದಿಡಿ. ಒಂದೇ ಪ್ರಬಂಧದಲ್ಲಿ ಮೊದಲ ಪ್ಯಾರಾದಲ್ಲಿ ಯು, ಮೂರನೇ ಪ್ಯಾರಾದಲ್ಲಿ ಯು ಇಲ್ಲ ಎಂದಾದರೆ ಆಗ ಕರೆದು, ಒಂದನ್ನು ಹಿಡಿದು ಕೊನೆಯವರೆಗೂ ನಡೆ ಎಂದು ಹೇಳಿ. ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲೂ ಎರಡು ರೂಪಗಳಿಗೂ ಮಾನ್ಯತೆ ಇದೆ, ನಿಜವಾದ ತಪ್ಪಿಗೆ ಮಾತ್ರ ಅಂಕ ಹೋಗುತ್ತದೆ. ಆ ಹುಡುಗಿಯನ್ನು ಎಲ್ಲರೆದುರು ಕರೆದು, ಅವಳು ಮೊಬೈಲ್ ತೆಗೆದು ನೋಡಿದ್ದು ಒಳ್ಳೆಯ ಕೆಲಸ ಎಂದು ಹೇಳಿ. ಟೀಚರ್ ಹೇಳಿದ್ದನ್ನು ಪರೀಕ್ಷಿಸಿ ನೋಡಿದ ಮಗು ಅವಳು. ಮೂವತ್ತು ವರ್ಷದ ಕೆಲಸದಲ್ಲಿ ನಾನು ಹುಡುಕಿದ್ದು ಅಂಥವರನ್ನೇ.

ಉಳಿದದ್ದು 'ಗ್ರೇ'. ಬ್ರಿಟನ್ನಿನಲ್ಲಿ, ನಮ್ಮಲ್ಲಿ ಇ, ಅಮೆರಿಕದಲ್ಲಿ ಎ. ಬೇಟೆನಾಯಿ ಗ್ರೇಹೌಂಡ್‌ಗೆ ಅಮೆರಿಕದಲ್ಲೂ ಇ. ವಿಕಿರಣದ ಪ್ರಮಾಣ ಅಳೆಯುವ ಗ್ರೇ ಎಂಬ ಮಾನಕ್ಕೆ ಎಲ್ಲ ಕಡೆಯೂ ಎ, ಅದು ಲೂಯಿಸ್ ಹೆರಾಲ್ಡ್ ಗ್ರೇ ಎಂಬ ಬ್ರಿಟಿಷ್ ವಿಜ್ಞಾನಿಯ ಹೆಸರು. ಇನ್ನು ಕಲರ್ ಪದಕ್ಕೆ ಯು ಸೇರಿಸಿದರೆ ತಿರುಗಿಯೂ ನೋಡದ ಆ ಸಿಎಸ್ಎಸ್ ಭಾಷೆ, ಬೂದು ಬಣ್ಣ ಬೇಕೆಂದು ಕೇಳುವಾಗ ಎ ಬರೆದರೂ ಕೊಡುತ್ತದೆ, ಇ ಬರೆದರೂ ಕೊಡುತ್ತದೆ.